ಒಂದು ಬೆರಳು, ನಾಲ್ಕು ತಂತಿ

1971ರ ಮೇ ತಿಂಗಳಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಬಿಡುಗಡೆಯಾದಾಗ ಅದರ ಹೊದಿಕೆಯಲ್ಲಿ ಒಂದು ಹೊಸ ಸಂಗತಿಯಿತ್ತು. ವಾದ್ಯ ನುಡಿಸಿದವರ ಹೆಸರುಗಳನ್ನು ಮೋಟೌನ್ ಕಂಪನಿ ಅಚ್ಚು ಹಾಕಿಸಿತ್ತು. ಡೆಟ್ರಾಯಿಟ್‌ನ ಆ ಕಂಪನಿಯಿಂದ ಅದಕ್ಕೂ ಮೊದಲು ಹತ್ತು ವರ್ಷಗಳಲ್ಲಿ ನೂರಾರು ಹಾಡುಗಳು ಹೊರಬಂದು ಅಮೆರಿಕವನ್ನಷ್ಟೇ ಅಲ್ಲ, ರೇಡಿಯೋ ಇದ್ದ ಊರುಗಳನ್ನೆಲ್ಲ ಕುಣಿಸಿದ್ದವು. ಹಾಡಿದವರ ಮುಖ ಎಲ್ಲರಿಗೂ ಗೊತ್ತಿತ್ತು, ನುಡಿಸಿದವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ಹೊದಿಕೆಯಲ್ಲಿ ಬಾಸ್ ಗಿಟಾರ್ ಎಂಬುದರ ಮುಂದೆ ‘ಸಾಟಿಯಿಲ್ಲದ’ ಎಂಬ ವಿಶೇಷಣದೊಂದಿಗೆ ಕಾಣಿಸಿಕೊಂಡ ಹೆಸರು ಜೇಮ್ಸ್ ಜೇಮರ್ಸನ್.

ಜೇಮರ್ಸನ್ ಹುಟ್ಟಿದ್ದು 1936ರಲ್ಲಿ, ದಕ್ಷಿಣ ಕೆರೊಲಿನಾದ ಕಡಲಂಚಿನ ಎಡಿಸ್ಟೊ ದ್ವೀಪದಲ್ಲಿ. ಹದಿಹರೆಯದಲ್ಲೇ ಡೆಟ್ರಾಯಿಟ್‌ಗೆ ಬಂದು, ಶಾಲೆಯಲ್ಲಿ ಆಳೆತ್ತರದ ಡಬಲ್ ಬಾಸ್ ಕಲಿತು, ಜಾಝ್ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಮೋಟೌನ್ ಸೇರಿದ ಮೇಲೆ ಕೈಗೆ ಬಂದದ್ದು ಫೆಂಡರ್ ಕಂಪನಿಯ ವಿದ್ಯುತ್ ಬಾಸ್. ಆದರೆ ಬೆರಳಿನ ಅಭ್ಯಾಸ ಹಳೆಯದೇ ಉಳಿಯಿತು. ಬಲಗೈಯ ತೋರುಬೆರಳೊಂದರಿಂದಲೇ ಅವರು ತಂತಿ ಮೀಟುತ್ತಿದ್ದರು. ಆ ಬೆರಳಿಗೆ ಸಹವಾದಕರು ‘ಹುಕ್’ ಎಂದು ಹೆಸರಿಟ್ಟಿದ್ದರು. ಅವರ ತಂತಿಗಳು ದಪ್ಪ, ಮೇಲ್ಮೈ ಸಪಾಟು. ಸವೆದು ಮಣ್ಣುಹಿಡಿದರೂ ಬದಲಿಸುತ್ತಿರಲಿಲ್ಲ. ತಂತಿಗಳನ್ನು ಹೊತ್ತ ಕುದುರೆಯ ಬಳಿ ಒಂದು ಚೂರು ಸ್ಪಂಜು ಒತ್ತಿಕೊಂಡಿರುತ್ತಿತ್ತು. ಇವಿಷ್ಟೂ ಸೇರಿ ಹುಟ್ಟುತ್ತಿದ್ದ ನಾದ ದುಂಡಗೆ, ಮೊಟಕಾಗಿ, ಮಿಂಚಿಲ್ಲದೆ ಇರುತ್ತಿತ್ತು. ಈ ನಾದದ ವಿಷಯ ನೆನಪಿರಲಿ, ಜೇಮರ್ಸನ್ ಹಾಗೆ ನುಡಿಸಲು ಸಾಧ್ಯವಾದದ್ದರ ಅರ್ಧ ಕಾರಣ ಅದರಲ್ಲಿದೆ.

ಬಾಸ್ ಗಿಟಾರ್ ಎಂದಕೂಡಲೇ ಒಂದು ವಾದ ಏಳುತ್ತದೆ. ಬಾಸ್ ವಾದಕರು ಎಲ್ಲಿ ಸೇರಿದರೂ, ಕಲಿಯುವವರು ಯಾವ ಗುರುವಿನ ಮುಂದೆ ಕೂತರೂ ಅದು ತಪ್ಪುವುದಿಲ್ಲ. ಕೈಚಳಕ ದೊಡ್ಡದೋ, ಹಾಡು ದೊಡ್ಡದೋ? ಸಾಮಾನ್ಯವಾಗಿ ಸಿಗುವ ಉತ್ತರ, ‘ಹಾಡಿಗೆ ಸೇವೆ ಮಾಡು, ಕಡಿಮೆ ನುಡಿಸು’. ಇದರ ಮೊದಲ ಅರ್ಧವನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಎರಡನೆಯ ಅರ್ಧವನ್ನು ಒಪ್ಪುವುದಿಲ್ಲ. ಎರಡೂ ಒಂದೇ ಎಂದುಕೊಂಡಿರುವುದರಿಂದಲೇ ಈ ವಾದ ಇಷ್ಟು ವರ್ಷವಾದರೂ ನಿಂತಲ್ಲೇ ನಿಂತಿದೆ.

ಮೊದಲು, ಬಾಸ್ ಹಾಡಿನಲ್ಲಿ ಮಾಡುವುದೇನು? ನಾಲ್ಕು ತಂತಿಯ ಬಾಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಕೆಳತಂತಿಗಿಂತ ಇದು ಒಂದು ಸ್ಥಾಯಿ ಕೆಳಗೆ. ಗಾಳಿಯಲ್ಲಿ ಆ ನಾದದ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಇಷ್ಟು ಮಂದ್ರದ ದನಿಗೆ ನಮ್ಮ ಕಿವಿ ಅಷ್ಟಾಗಿ ಚುರುಕಲ್ಲ. ಅಂಗೈಯಗಲದ ಟ್ರಾನ್ಸಿಸ್ಟರ್ ರೇಡಿಯೋಗಂತೂ ಆ ದನಿಯನ್ನು ಹೊರಡಿಸುವ ಶಕ್ತಿಯೇ ಇಲ್ಲ. ಆದರೂ ನಮಗೆ ಬಾಸ್ ಕೇಳಿಸುತ್ತದೆ. ತಂತಿಯಿಂದ ಮೂಲಸ್ವರದ ಜೊತೆ ಹೊರಡುವ ಮೇಲಿನ ಉಪಸ್ವರಗಳನ್ನು ಹಿಡಿದು, ಇವು ಹುಟ್ಟಬೇಕಾದರೆ ಕೆಳಗೆ ಇಂಥದೇ ಸ್ವರ ಇದ್ದಿರಬೇಕು ಎಂದು ಮೆದುಳು ತಾನೇ ಅದನ್ನು ಕಟ್ಟಿಕೊಳ್ಳುತ್ತದೆ.

ಕೇಳಿಸಿತೋ ಇಲ್ಲವೋ ಎಂಬಂತಿರುವ ಈ ಸ್ವರಕ್ಕೆ ದೊಡ್ಡದೊಂದು ಅಧಿಕಾರವಿದೆ. ಗಿಟಾರ್ ಸ, ಅಂತರ ಗಾಂಧಾರ, ಪ ಈ ಮೂರನ್ನು ಒಟ್ಟಿಗೆ ನುಡಿಸುತ್ತಿದೆ ಎಂದುಕೊಳ್ಳಿ. ಕೆಳಗೆ ಬಾಸ್ ಷಡ್ಜವನ್ನೇ ಹಿಡಿದರೆ ಆ ಸ್ವರಮೇಳ ನೆಲೆಯೂರಿ ನಿಲ್ಲುತ್ತದೆ, ಬೆಳಕಾಗಿ ಕೇಳುತ್ತದೆ. ಗಿಟಾರ್ ವಾದಕ ಕೈ ಅಲುಗಿಸದೆ ಅದೇ ಮೂರು ಸ್ವರ ಮುಂದುವರಿಸಲಿ, ಬಾಸ್ ಮಾತ್ರ ಚತುಶ್ರುತಿ ಧೈವತಕ್ಕೆ ಇಳಿಯಲಿ. ಅದೇ ಮೂರು ಸ್ವರಗಳ ಮೇಲೆ ಮೋಡ ಕವಿಯುತ್ತದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಅದು ಈಗ ಬೇರೆಯೇ ಸ್ವರಮೇಳ, ಮೈನರ್ ಜಾತಿಯದು. ಮೇಲೆ ಇರುವವರು ಏನು ಹೇಳುತ್ತಿದ್ದಾರೆ ಎಂಬುದನ್ನು ಕೆಳಗಿರುವವನು ತೀರ್ಮಾನಿಸುತ್ತಾನೆ. ಜೊತೆಗೆ ಲಯವೂ ಇವನ ಕೈಯಲ್ಲಿದೆ. ಡ್ರಮ್ಸ್‌ನ ದೊಡ್ಡ ಪೀಪಾಯಿಯ ಏಟಿಗೆ ಇವನ ಸ್ವರ ಎಷ್ಟು ಹತ್ತಿರ ಬೀಳುತ್ತದೆ, ಬಿದ್ದದ್ದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಮೇಲೆ ಹಾಡು ನಡೆಯುತ್ತದೋ ತೆವಳುತ್ತದೋ ಗೊತ್ತಾಗುತ್ತದೆ. ಸ್ವರವನ್ನು ಹಿಡಿಯುವುದಷ್ಟೇ ಅಲ್ಲ, ಬಿಡುವುದೂ ಬಾಸ್ ವಾದನದ ವಿದ್ಯೆ.

ಇಂಥ ಅಧಿಕಾರ ಇರುವವನು ಎಷ್ಟು ಮಾತಾಡಬೇಕು?

ಜೇಮರ್ಸನ್ ಅವರದೇ ಎರಡು ಹಾಡುಗಳನ್ನು ಪಕ್ಕಪಕ್ಕ ಇಟ್ಟು ಕೇಳಬಹುದು. ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ 1964ರ ಕೊನೆಗೆ ಬಂದದ್ದು. ಅದು ಶುರುವಾಗುವುದೇ ಬಾಸ್‌ನಿಂದ. ಕೆಲವೇ ಸ್ವರ, ನಡುವೆ ಧಾರಾಳ ಬಿಡುವು. ಆ ಬಿಡುವಿನೊಳಕ್ಕೆ ರಾಬರ್ಟ್ ವೈಟ್ ಅವರ ಗಿಟಾರ್ ಮೆಟ್ಟಿಲು ಹತ್ತಿದಂತೆ ಏರಿ ಬರುತ್ತದೆ. ಅಲ್ಲಿ ಬಾಸ್ ಇನ್ನೊಂದು ಸ್ವರ ಹೆಚ್ಚಿಗೆ ನುಡಿಸಿದ್ದರೂ ಗಿಟಾರಿನ ಪ್ರವೇಶ ಕೆಡುತ್ತಿತ್ತು. ಇನ್ನು 1967ರ ‘ಬರ್ನಡೆಟ್’, ಫೋರ್ ಟಾಪ್ಸ್ ತಂಡದ್ದು. ಇಲ್ಲಿ ಅದೇ ಬೆರಳು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಏಟಿಗೆ ಮುಂಚೆ ಎತ್ತಿಕೊಳ್ಳುತ್ತದೆ, ಏಟು ದಾಟಿದ ಮೇಲೆ ಇಳಿಯುತ್ತದೆ, ಎರಡು ಸ್ವರಗಳ ನಡುವಿನ ಸಂದಿಯಲ್ಲೆಲ್ಲ ನುಸುಳುತ್ತದೆ. ಅನಾಗತ, ಅತೀತ ಎಂದು ನಮ್ಮ ತಾಳಶಾಸ್ತ್ರ ಹೆಸರಿಟ್ಟಿರುವ ಎಡೆಗಳಲ್ಲೆಲ್ಲ ಅವರ ಬಾಸ್ ಓಡಾಡುತ್ತದೆ. ‘ಕಡಿಮೆ ನುಡಿಸು’ ಎಂಬ ಮಾತನ್ನು ಅಕ್ಷರಶಃ ಪಾಲಿಸುವ ಗುರು ಈ ವಿದ್ಯಾರ್ಥಿಯನ್ನು ತರಗತಿಯಿಂದ ಆಚೆ ಕಳಿಸಬೇಕು. ಆದರೆ ಲೀವೈ ಸ್ಟಬ್ಸ್ ಅವರ ಆರ್ತ ಕಂಠಕ್ಕೆ ಅಲ್ಲಿ ಎಲ್ಲೂ ಅಡ್ಡಿಯಾಗಿಲ್ಲ. ಅಷ್ಟೇ ಅಲ್ಲ, ಆ ಕಂಠದ ಚಡಪಡಿಕೆಗೆ ಕಾರಣವೇ ಕೆಳಗಿನಿಂದ ಬರುತ್ತಿದೆ ಅನಿಸುತ್ತದೆ.

ಇದು ಸಾಧ್ಯವಾದದ್ದು ಹೇಗೆ? ಒಂದು, ಆಗ ಹೇಳಿದ ನಾದ. ಸಪಾಟು ತಂತಿ, ಸ್ಪಂಜಿನ ಒತ್ತು ಸೇರಿ ಅವರ ಒಂದೊಂದು ಸ್ವರವೂ ಹುಟ್ಟಿದ ಕೂಡಲೇ ಅಡಗುತ್ತಿತ್ತು. ಮೇಲಿನ ಉಪಸ್ವರಗಳ ಹೊಳಪಿಲ್ಲದ್ದರಿಂದ ಗಾಯಕರ ದನಿ ಇರುವ ಪ್ರದೇಶಕ್ಕೆ ಅದು ಕಾಲಿಡುತ್ತಲೇ ಇರಲಿಲ್ಲ. ಅದೇ ಸ್ವರಗಳನ್ನು ಇಂದಿನ ಝಗಝಗಿಸುವ ಉಕ್ಕಿನ ತಂತಿಗಳ ಮೇಲೆ ನುಡಿಸಿ ನೋಡಿ, ಹಾಡು ತುಂಬಿ ತುಳುಕುತ್ತದೆ. ಎರಡು, ಅವರ ಓಟಗಳಿಗೆಲ್ಲ ಒಂದು ಗುರಿ ಇತ್ತು. ಎಷ್ಟೇ ಸುತ್ತಿದರೂ ಮುಂದಿನ ಸ್ವರಮೇಳದ ಮೂಲಸ್ವರಕ್ಕೆ ಸರಿಯಾದ ಹೊತ್ತಿಗೆ ಬಂದು ಸೇರುತ್ತಿದ್ದರು. ಹಾಡುವವರು ಉಸಿರೆಳೆದುಕೊಳ್ಳುವ ಕಡೆ ಓಡುತ್ತಿದ್ದರು, ಮುಖ್ಯ ಮಾತು ಬರುವ ಕಡೆ ತಂಗುತ್ತಿದ್ದರು. ಮೂರನೆಯದು ಮೋಟೌನ್‌ನ ಬೆನ್ನಿ ಬೆಂಜಮಿನ್ ಅಂಥವರ ಡ್ರಮ್ಸ್. ಜೊತೆಗಾರ ಗಟ್ಟಿಯಾಗಿ ನಿಂತಾಗಲೇ ಇನ್ನೊಬ್ಬ ಅಲೆಯಬಹುದು.

ಅವರ ಬದುಕಿನ ಕೊನೆ ಓದಿದಾಗಲೆಲ್ಲ ಸಂಕಟವಾಗುತ್ತದೆ. 1972ರಲ್ಲಿ ಮೋಟೌನ್ ಲಾಸ್ ಏಂಜಲೀಸ್‌ಗೆ ಎದ್ದು ಹೋಯಿತು. ಜೇಮರ್ಸನ್ ಹಿಂಬಾಲಿಸಿದರೂ ಅಲ್ಲಿ ಬೇಕಾಗಿದ್ದ ನಾದ ಬೇರೆ, ಕುಡಿತ ಆ ಹೊತ್ತಿಗೆ ಅವರನ್ನು ಆವರಿಸಿತ್ತು. 1983ರಲ್ಲಿ ಕಂಪನಿಯ 25ನೇ ವರ್ಷದ ಸಂಭ್ರಮ ನಡೆದಾಗ, ತಾವೇ ನುಡಿಸಿದ್ದ ಹಾಡುಗಳನ್ನು ಕೇಳಲು ಅವರು ಕಾಳಸಂತೆಯಲ್ಲಿ ಟಿಕೆಟ್ ಕೊಂಡು ಹಿಂದಿನ ಸಾಲುಗಳಲ್ಲಿ ಕೂತಿದ್ದರೆಂದು ಅವರ ಜೀವನವನ್ನು ದಾಖಲಿಸಿದವರು ಬರೆದಿದ್ದಾರೆ. ಆ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು, 47ನೇ ವಯಸ್ಸಿನಲ್ಲಿ. ಹಾಡಿಗೆ ಸೇವೆ ಎಂಬ ಮಾತನ್ನು ವಾದಕರಿಗೆ ಉಪದೇಶಿಸುವ ಉದ್ಯಮ, ಸೇವೆ ಮಾಡಿದವರ ಹೆಸರು ಬರೆಯುವುದಕ್ಕೆ ಅಷ್ಟು ತಡ ಮಾಡಿದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಇನ್ನೊಬ್ಬರ ಕಥೆ ಈ ವಾದದ ಬುಡವನ್ನೇ ಅಲುಗಿಸುತ್ತದೆ. ಲ್ಯಾರಿ ಗ್ರಹಾಂ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನವರು. ತಾಯಿ ಪಿಯಾನೋ ನುಡಿಸಿ ಹಾಡುತ್ತಿದ್ದರು, ಹುಡುಗ ಜೊತೆಗೆ ಗಿಟಾರ್ ನುಡಿಸುತ್ತ ಕಾಲಲ್ಲಿ ಆರ್ಗನ್‌ನ ಪೆಡಲ್ ತುಳಿದು ಮಂದ್ರಸ್ವರ ಕೊಡುತ್ತಿದ್ದ. ಒಂದು ದಿನ ಆರ್ಗನ್ ಕೆಟ್ಟಿತು. ತಾತ್ಕಾಲಿಕ ಎಂದುಕೊಂಡು ಬಾಡಿಗೆಗೆ ಒಂದು ಬಾಸ್ ತಂದ. ಆ ಮೇಲೆ ಡ್ರಮ್ಸ್‌ನವರೂ ಇಲ್ಲದಾದರು. ಆ ಕೊರತೆ ತುಂಬಲು ಅವನು ಹೆಬ್ಬೆರಳಿನಿಂದ ತಂತಿಯನ್ನು ಬಡಿದು ದೊಡ್ಡ ಪೀಪಾಯಿಯ ಏಟನ್ನೂ, ಇನ್ನೊಂದು ಬೆರಳಿನಿಂದ ತಂತಿ ಎಳೆದು ಬಿಟ್ಟು ಸ್ನೇರ್‌ನ ಛಟ್ ಎಂಬ ಸದ್ದನ್ನೂ ತೆಗೆಯತೊಡಗಿದ. ಇಂದು ಜಗತ್ತಿನಾದ್ಯಂತ ಬಾಸ್ ವಾದಕರು ಕೈಚಳಕದ ಪರಾಕಾಷ್ಠೆ ಎಂದು ಪ್ರದರ್ಶಿಸುವ ‘ಸ್ಲ್ಯಾಪ್’ ಶೈಲಿ ಜನಪ್ರಿಯವಾದದ್ದು ಇವರಿಂದ, ಅದು ಹುಟ್ಟಿದ್ದು ಹೀಗೆ. ತಾಯಿ ಹಾಡುವ ಹಾಡಿಗೆ ತಾಳ ಬೇಕಿತ್ತು.

ಮುಂದೆ ಗ್ರಹಾಂ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ತಂಡ ಸೇರಿದರು. 1968ರಲ್ಲಿ ಆ ತಂಡ ‘ಎವೆರಿಡೇ ಪೀಪಲ್’ ಎಂಬ ಹಾಡು ತಂದಿತು. ಬಿಳಿಯರು, ಕರಿಯರು, ಗಂಡಸರು, ಹೆಂಗಸರು ಒಟ್ಟಿಗಿದ್ದ ತಂಡ ಅದು. ಎಲ್ಲರೂ ಒಂದೇ ಎನ್ನುವ ಹಾಡು. ಆ ಹಾಡಿನುದ್ದಕ್ಕೂ ಗ್ರಹಾಂ ನುಡಿಸುವುದು ಒಂದೇ ಒಂದು ಸ್ವರ. ಮೇಲೆ ಸ್ವರಮೇಳ ಬದಲಾಗುತ್ತದೆ, ದನಿಗಳು ಬದಲಾಗುತ್ತವೆ, ಬಾಸ್ ಜರುಗುವುದಿಲ್ಲ. ಧಾರವಾಡದ ಸೀಮೆಯಲ್ಲಿ ವಿಲಂಬಿತ್ ಏಕತಾಲದ ಠೇಕಾ ಹಿಡಿದು, ಅರ್ಧ ಗಂಟೆ ಒಂದು ತಿಹಾಯಿಯನ್ನೂ ಬಾರಿಸದೆ ಕೂತ ತಬಲಾದವರನ್ನು ಕೇಳಿದವರಿಗೆ ಇದರ ಕಷ್ಟ ಗೊತ್ತಿರುತ್ತದೆ. ಒಂದೇ ಸ್ವರವನ್ನು ಅಷ್ಟು ಸಲ, ಅದೇ ತೂಕದಲ್ಲಿ, ಅದೇ ಜಾಗದಲ್ಲಿ ಇಡುವುದಕ್ಕೆ ಬೇಕಾದ ಹತೋಟಿ ಸ್ಲ್ಯಾಪ್‌ಗೆ ಬೇಕಾದ ಹತೋಟಿಗಿಂತ ಕಡಿಮೆಯದಲ್ಲ. ಎರಡೂ ಒಂದೇ ಕೈಯಿಂದ ಬಂದವು.

ಇಲ್ಲಿಯವರೆಗೆ ಓದಿದವರು ನಾನು ಪ್ರತಿಭಾಪ್ರದರ್ಶನದ ವಿರೋಧಿ ಎಂದುಕೊಳ್ಳಬಾರದು. ಹಾಗಾದರೆ ಜಾಕೊ ಪಾಸ್ಟೋರಿಯಸ್ ಅವರನ್ನು ನಾನು ಕಳೆದುಕೊಳ್ಳಬೇಕಾಗುತ್ತದೆ. 1951ರಲ್ಲಿ ಹುಟ್ಟಿ ಫ್ಲಾರಿಡಾದಲ್ಲಿ ಬೆಳೆದ ಈತ ತನ್ನ ಫೆಂಡರ್ ಜಾಝ್ ಬಾಸ್‌ನ ಫ್ರೆಟ್‌ಗಳನ್ನು, ಅಂದರೆ ಸ್ವರಸ್ಥಾನದ ಲೋಹದ ಪಟ್ಟಿಗಳನ್ನು, ಕಿತ್ತುಹಾಕಿದ್ದ. ಫ್ರೆಟ್ ಇಲ್ಲದ ವಾದ್ಯದಲ್ಲಿ ಬೆರಳು ಜಾರಿದಂತೆ ಸ್ವರವೂ ಜಾರುತ್ತದೆ, ಗಮಕ ಬರುತ್ತದೆ. ಆದರೆ ಒರಟು ಸುತ್ತಿನ ತಂತಿ ಮರವನ್ನು ತಿಂದುಹಾಕುತ್ತದೆ. ಅದಕ್ಕೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಹಲಗೆಗೆ ಬಳಿದ. ಆ ಗಟ್ಟಿ ಹೊಳಪಿನ ಮೇಲೆ ತಂತಿ ಹಾಡತೊಡಗಿತು. 1976ರ ಅವನ ಮೊದಲ ಆಲ್ಬಂ ಶುರುವಾಗುವುದು ‘ಡೋನಾ ಲೀ’ ಎಂಬ ಜಾಝ್ ರಚನೆಯಿಂದ. ಸ್ಯಾಕ್ಸೊಫೋನ್‌ನವರೇ ಬೆವರುವ ಆ ವೇಗದ ರಾಗವನ್ನು ಬಾಸ್ ಮೇಲೆ, ಜೊತೆಗೆ ಡಾನ್ ಅಲಿಯಾಸ್ ಅವರ ಕಾಂಗಾ ಮಾತ್ರ ಇಟ್ಟುಕೊಂಡು ನುಡಿಸಿದ. ಅಲ್ಲಿ ಹಾಡುವವರಿಲ್ಲ, ಬಾಸೇ ಹಾಡು. ಅದನ್ನು ಹೊಗಳಲು ನನಗೆ ಯಾವ ಸಂಕೋಚವೂ ಇಲ್ಲ.

ಆದರೆ ಜಾಕೊನ ನಿಜವಾದ ಎತ್ತರ ನನಗೆ ಕಂಡದ್ದು ಅದೇ ವರ್ಷದ ಇನ್ನೊಂದು ಆಲ್ಬಂನಲ್ಲಿ, ಜೋನಿ ಮಿಚೆಲ್ ಅವರ ‘ಹೆಜೀರಾ’ದಲ್ಲಿ. ಮಿಚೆಲ್ ತಮ್ಮ ಗಿಟಾರಿನ ತಂತಿಗಳನ್ನು ಎಲ್ಲರಂತೆ ಶ್ರುತಿ ಮಾಡುತ್ತಿರಲಿಲ್ಲ. ಒಂದೊಂದು ಹಾಡಿಗೆ ಒಂದೊಂದು ಹೊಸ ಶ್ರುತಿ. ಅವರ ಸ್ವರಮೇಳಗಳು ಸುಖವೋ ದುಃಖವೋ ಹೇಳದೆ ನಡುವೆ ತೂಗುತ್ತವೆ. ಬಾಸ್‌ನವರು ಬಂದು ವಾಡಿಕೆಯಂತೆ ಪ್ರತಿ ಸ್ವರಮೇಳದ ಬುಡಕ್ಕೆ ಮೂಲಸ್ವರ ಬಡಿದರೆ ಆ ತೂಗಾಟ ನಿಂತುಹೋಗುತ್ತದೆ. ಆಗಲೇ ನೋಡಿದಂತೆ, ಕೆಳಗಿನ ಸ್ವರ ಅರ್ಥವನ್ನು ತೀರ್ಮಾನಿಸಿಬಿಡುತ್ತದೆ. ಮಿಚೆಲ್‌ಗೆ ಆ ತೀರ್ಮಾನ ಬೇಡವಾಗಿತ್ತು. ಅಂಥ ಬಾಸ್ ಅವರಿಗೆ ಬಹುಕಾಲ ಹಿಡಿಸಿರಲಿಲ್ಲ. ‘ಕಯೋಟಿ’, ‘ರೆಫ್ಯೂಜ್ ಆಫ್ ದ ರೋಡ್ಸ್’ ಸೇರಿ ಆ ಆಲ್ಬಂನ ನಾಲ್ಕು ಹಾಡುಗಳಲ್ಲಿ ಜಾಕೊ ಬಾಸ್‌ನ ನೆಲೆಯನ್ನೇ ಬಿಟ್ಟು ಮೇಲಕ್ಕೆ ಹೋಗುತ್ತಾನೆ. ತಂತಿಯನ್ನು ಒತ್ತದೆ ಬರಿದೆ ಮುಟ್ಟಿ ಘಂಟಾನಾದದಂಥ ಹಾರ್ಮೋನಿಕ್‌ಗಳನ್ನು ತೆಗೆಯುತ್ತಾನೆ, ಗಾಯಕಿಯ ಸಾಲು ಮುಗಿದ ಕಡೆ ಎರಡನೆಯ ದನಿಯಾಗಿ ಉತ್ತರ ಕೊಡುತ್ತಾನೆ. ಈ ಹಾಡುಗಳಲ್ಲಿ ವಿನಯದ ಹೆಸರಿನಲ್ಲಿ ಮೂಲಸ್ವರ ಹಿಡಿದು ಕೂತಿದ್ದರೆ ಅದೇ ಹಾಡಿಗೆ ಮಾಡಿದ ಅಪಚಾರವಾಗುತ್ತಿತ್ತು. ಇಂಥ ಸೇವೆಗೆ ಅಂಥ ಕೈಯೇ ಬೇಕಿತ್ತು.

ವೆದರ್ ರಿಪೋರ್ಟ್ ತಂಡದೊಂದಿಗೆ ಅವನು ಕಳೆದ ವರ್ಷಗಳ ಬಗ್ಗೆ ಬೇರೆಯೇ ಬರೆಯಬೇಕು. ಮಾನಸಿಕ ಕಾಯಿಲೆ ಅವನನ್ನು ಜರ್ಜರಿತನನ್ನಾಗಿ ಮಾಡಿತು. ಒಂದು ಕ್ಲಬ್ಬಿನ ಹೊರಗೆ ಬಿದ್ದ ಏಟುಗಳಿಂದ 1987ರಲ್ಲಿ ಸತ್ತಾಗ ಅವನಿಗೆ ಇನ್ನೂ 35. ಆ ಹೊತ್ತಿಗಾಗಲೇ ಅವನ ಬೆರಳಿನ ವೇಗವನ್ನು ಕಲಿತ ಒಂದು ತಲೆಮಾರು ತಯಾರಾಗಿತ್ತು. ವೇಗ ಕಲಿತಷ್ಟು ಸುಲಭವಾಗಿ ಅವನ ಕಿವಿಯನ್ನು ಅವರು ಕಲಿಯಲಿಲ್ಲ.

ಕಿವಿ ಕಲಿತವರಲ್ಲಿ ನನಗೆ ಅಚ್ಚುಮೆಚ್ಚು ವೇಲ್ಸ್‌ನ ಪೀನೊ ಪಲಾಡಿನೊ. 1983ರಲ್ಲಿ ಪಾಲ್ ಯಂಗ್, ಮಾರ್ವಿನ್ ಗೇ ಅವರ ಹಳೆಯ ಹಾಡೊಂದನ್ನು ಮತ್ತೆ ಹಾಡಿದಾಗ ಪೀನೊ ಫ್ರೆಟ್ ಇಲ್ಲದ ಬಾಸ್‌ನಲ್ಲಿ ಮೊದಲ ಸಾಲನ್ನೇ ಹಾಡಿನಂತೆ ನುಡಿಸಿದರು. ಆ ಜಾರುದನಿ ಆ ದಶಕದ ಗುರುತಾಯಿತು, ಎಲ್ಲರೂ ಅದನ್ನೇ ಕೇಳಿಕೊಂಡು ಬಂದರು. ಅದರಲ್ಲೇ ಜೀವಮಾನ ಕಳೆಯಬಹುದಿತ್ತು. ಆದರೆ 2000ದಲ್ಲಿ ಬಂದ ಡಿ’ಏಂಜೆಲೊ ಅವರ ‘ವೂಡೂ’ ಕೇಳಿದರೆ ಇವರೇನಾ ಅವರು ಅನಿಸುತ್ತದೆ. ಜಾರುದನಿಯಿಲ್ಲ, ಅಲಂಕಾರವಿಲ್ಲ. ಮಂದ್ರದಲ್ಲಿ ಕೆಲವು ಸ್ವರ, ಅವೂ ಏಟಿನಿಂದ ಕೂದಲೆಳೆಯಷ್ಟು ಹಿಂದೆ. ಕ್ವೆಸ್ಟ್‌ಲವ್ ಅವರ ಡ್ರಮ್ಸ್ ಒಂದು ಕಡೆ ನಿಂತಿದ್ದರೆ ಬಾಸ್ ತುಸು ತಡವಾಗಿ, ಆದರೆ ಪ್ರತಿ ಸಲವೂ ಅಷ್ಟೇ ತಡವಾಗಿ ಬರುತ್ತದೆ. ತಪ್ಪಿ ತಡವಾಗುವುದು ಯಾರಿಗಾದರೂ ಬರುತ್ತದೆ, ಅಳತೆ ಮಾಡಿ ತಡವಾಗುವುದು ದೊಡ್ಡ ವಿದ್ಯೆ. ಜಾನ್ ಎಂಟ್‌ವಿಸಲ್ 2002ರಲ್ಲಿ ತೀರಿಕೊಂಡಾಗ ದ ಹೂ ತಂಡ ಕರೆದದ್ದೂ ಪೀನೊ ಅವರನ್ನೇ. ಬಾಸನ್ನು ಮುನ್ನೆಲೆಯ ಗಿಟಾರಿನಂತೆ ಗುಡುಗಿಸುತ್ತಿದ್ದ ಎಂಟ್‌ವಿಸಲ್ ಜಾಗಕ್ಕೆ ಮಿತಭಾಷಿಯೊಬ್ಬರು ಬಂದು ನಿಂತು, ತಂಡದ ಹಾಡುಗಳನ್ನು ಎತ್ತಿ ಹಿಡಿದರು.

ಈಗ ಮೊಬೈಲ್ ಕಾಲ. ಇಲ್ಲಿ ಒಂದು ಭೌತಿಕ ಕಾರಣ ಈ ವಾದದ ತಕ್ಕಡಿಯನ್ನು ಒಂದು ಕಡೆಗೆ ಒತ್ತುತ್ತಿದೆ. ಫೋನಿನ ಚಿಟಿಕೆಯಷ್ಟು ಸ್ಪೀಕರ್‌ನಲ್ಲಿ 41 ಕಂಪನದ ಸ್ವರಕ್ಕೆ ಜಾಗವಿಲ್ಲ. ಸ್ಲ್ಯಾಪ್‌ನ ಛಟ್, ಮೇಲಿನ ತಂತಿಗಳ ಓಟ ಇವು ಮಾತ್ರ ಸ್ಪಷ್ಟವಾಗಿ ದಾಟಿ ಬರುತ್ತವೆ. ಹಾಡಿನ ಕೆಳಗೆ ನಿಂತು ಭಾರ ಹೊತ್ತ ಬಾಸ್ ಅರ್ಧ ನಿಮಿಷದ ವಿಡಿಯೊದಲ್ಲಿ ಕಾಣುವುದೂ ಇಲ್ಲ, ಸರಿಯಾಗಿ ಕೇಳುವುದೂ ಇಲ್ಲ. ಹೀಗಾಗಿ ಕಲಿಯುವ ಹುಡುಗರು ನೋಡುವ ಬಾಸ್ ಎಲ್ಲ ತನಿ ಆವರ್ತನವೇ. ಅವರನ್ನು ದೂರುವುದು ನ್ಯಾಯವಲ್ಲ. ಮುಂಬೈಯ ಮೋಹಿನಿ ಡೇ ಅವರ ವೇಗ ನೋಡಿ ಬೆರಗಾಗದವರು ಯಾರು? ಕೊನ್ನಕೋಲಿನ ಸೊಲ್ಲುಗಳನ್ನು ಬಾಯಲ್ಲಿ ಹೇಳುತ್ತ ಅದೇ ನಡೆಯನ್ನು ಬಾಸ್ ಮೇಲೆ ಇಳಿಸುವ ಅವರ ಕಲೆ ನಿಜವಾದ ಕಲೆ. ಅದರ ಹಿಂದಿರುವುದು ಈ ಮಣ್ಣಿನ ಲಯ. ಆದರೆ ಆ ವಿಡಿಯೊ ನೋಡಿ ಕಲಿಯುವವರು, ಎ. ಆರ್. ರೆಹಮಾನ್ ಅವರ ಕಛೇರಿಗಳಲ್ಲಿ ಹಾಡುವವರ ಹಿಂದೆ ನಿಂತು ಅದೇ ಮೋಹಿನಿ ಏನು ನುಡಿಸುತ್ತಿದ್ದರು ಎಂಬುದನ್ನೂ ಕೇಳಬೇಕು. ರೆಹಮಾನ್ ಅವರ ಹಾಡುಗಳಲ್ಲಿ ದಶಕಗಳಿಂದ ಬಾಸ್ ನುಡಿಸಿರುವ ಚೆನ್ನೈಯ ಕೀತ್ ಪೀಟರ್ಸ್ ಅವರನ್ನೂ ಕೇಳಬೇಕು.

ಕನ್ನಡಿಗರಿಗೆ ಇದನ್ನೆಲ್ಲ ಕೇಳಲು ಡೆಟ್ರಾಯಿಟ್‌ವರೆಗೆ ಹೋಗಬೇಕಾಗಿಲ್ಲ. 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳೆರಡಕ್ಕೂ ಸಂಗೀತ ಇಳಯರಾಜಾ ಅವರದು. ಎಸ್. ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡಿದ ‘ಜೊತೆಯಲಿ ಜೊತೆ ಜೊತೆಯಲಿ’, ‘ನಗುವ ನಯನ’ ನಲವತ್ತು ವರ್ಷ ದಾಟಿದರೂ ಮದುವೆ ಮಂಟಪದಿಂದ ಬಸ್ಸಿನವರೆಗೆ ಎಲ್ಲೆಡೆ ಇವೆ. ಹಾಡನ್ನು ಗುನುಗುವವರು ಹಾಡಿದವರ ದನಿಯನ್ನಷ್ಟೇ ಗಮನಿಸಿರುತ್ತಾರೆ. ಒಂದು ಸಲ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ದನಿಯ ಕೆಳಗೆ ಏನು ನಡೆದಿದೆ ಎಂದು ಕಿವಿಗೊಟ್ಟರೆ ಇಳಯರಾಜಾ ಅವರ ಬಾಸ್ ಇನ್ನೊಂದು ರಾಗವಾಗಿ, ತನ್ನದೇ ನಡಿಗೆಯಲ್ಲಿ ಸಾಗುವುದು ತಿಳಿಯುತ್ತದೆ. ದನಿ ಏರುವಾಗ ಅದು ಇಳಿಯುತ್ತದೆ, ದನಿ ನಿಂತಾಗ ಹೊರಡುತ್ತದೆ.

ಇಲ್ಲಿ ಇನ್ನೊಂದು ವಿಶೇಷವಿದೆ. ಜೇಮರ್ಸನ್ ಮುಂದೆ ಹೆಚ್ಚಿನ ಸಲ ಸ್ವರಮೇಳಗಳ ಪಟ್ಟಿಯಷ್ಟೇ ಇರುತ್ತಿತ್ತು, ಉಳಿದದ್ದು ಅವರ ಕಲ್ಪನೆ. ಇಳಯರಾಜಾ ಹಾಗಲ್ಲ, ಬಾಸ್‌ನ ಪ್ರತಿಯೊಂದು ಸ್ವರವನ್ನೂ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು ಕೊಡುತ್ತಾರೆ. ಆ ಕಾಲದಲ್ಲಿ ಚೆನ್ನೈಯ ಸ್ಟುಡಿಯೊಗಳಲ್ಲಿ ವಾದ್ಯವೃಂದವೆಲ್ಲ ಒಟ್ಟಿಗೆ ಕೂತು ಹಾಡು ಮುದ್ರಿಸುತ್ತಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಕಾಗದ ಕೈಗೆ ಬಂದ ಸ್ವಲ್ಪ ಹೊತ್ತಿನಲ್ಲೇ ಆ ಕಷ್ಟದ ನಡೆಗಳನ್ನು ಓದಿ ನುಡಿಸಬೇಕಿತ್ತು. ಅವರ ಬಳಿ ಬಹುಕಾಲ ಬಾಸ್ ನುಡಿಸಿದ ಶಶಿಧರನ್ ಅಂಥ ವಾದಕರ ಕೌಶಲ ವೇದಿಕೆಯ ಮೇಲೆ ಪ್ರದರ್ಶನಕ್ಕೆ ಬರುವಂಥದ್ದಲ್ಲ. ತಮ್ಮದೊಂದು ಸ್ವರ ಸೇರಿಸುವುದಕ್ಕೂ ಬಿಡುವುದಕ್ಕೂ ಅಲ್ಲಿ ಅವಕಾಶವಿಲ್ಲ. ಅವರ ಕೈಯಲ್ಲಿ ಉಳಿದದ್ದು ಒಂದೇ, ತಂತಿಯನ್ನು ಎಷ್ಟು ಒತ್ತಬೇಕು, ಬೆರಳನ್ನು ಯಾವಾಗ ಎತ್ತಬೇಕು ಎಂಬುದು. ಇಂದು ಊರೂರಿನ ಆರ್ಕೆಸ್ಟ್ರಾಗಳು ಆ ಹಾಡುಗಳನ್ನು ನುಡಿಸುತ್ತವೆ, ಸ್ವರಗಳೂ ಬಹುಮಟ್ಟಿಗೆ ಸರಿಯಾಗೇ ಇರುತ್ತವೆ. ಆದರೂ ಹಾಡು ಭಾರವಾಗಿ ಕೇಳಿದರೆ ಬಾಸ್‌ನವರ ಎಡಗೈ ಗಮನಿಸಿ. ಬಹಳ ಸಲ ಅವರು ಸ್ವರವನ್ನು ಬಿಡಬೇಕಾದ ಹೊತ್ತು ಮೀರಿ ಹಿಡಿದಿರುತ್ತಾರೆ.